ಕೇಳದೆ ಕೊಟ್ಟ ಕ್ಯಾಮೆರಾ

ಶಾಲೆಯ ಮಕ್ಕಳು ಅವಳನ್ನು ಟಕ್ಕಕ್ಕ ಎಂದು ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ ಕರೆಯುತ್ತಿದ್ದರು. ತರಗತಿಯ ಫೋಟೋ ತೆಗೆಯಲು ಹೋದಾಗೆಲ್ಲ, "ಯಾರೂ ಅಲ್ಲಾಡ್ಬೇಡಿ, ಒಂದೇ ಒಂದು ಟಕ್, ಆಮೇಲೆ ನಿಮ್ಮ ಪಾಡಿಗೆ ನೀವು" ಎನ್ನುವುದು ಅವಳ ಮಾಮೂಲು ಮಾತು. ಅದು ಶುದ್ಧ ಸುಳ್ಳು. ಮೊದಲನೆಯ ಟಕ್ ಬರೀ ನೆಪಕ್ಕೆ. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಎದೆಯುಬ್ಬಿಸಿ ನಿಂತವರು ಉಸಿರು ಬಿಡುತ್ತಾರೆ, ಬಿಗಿದ ತುಟಿ ಸಡಿಲವಾಗುತ್ತದೆ, ಅಬ್ಬ ಮುಗೀತಲ್ಲ ಎನ್ನುವ ನಗು ತಾನಾಗಿ ಬರುತ್ತದೆ. ಆ ನಗುವಿಗೇ ಹೊಂಚು ಹಾಕಿ ಕೂತ ಟಕ್ಕಕ್ಕ ಆಗ ಎರಡನೆಯದನ್ನು ಒತ್ತುತ್ತಾಳೆ. ಮನೆಮನೆಯ ಗೋಡೆ ಏರುವುದು ಆ ಎರಡನೆಯ ಫೋಟೋ. ಪಾಸ್‌ಪೋರ್ಟ್ ಅಳತೆಯ ಫೋಟೋಗೆಂದು ಹರಳೆಣ್ಣೆ ಕುಡಿದ ಮುಖ ಹೊತ್ತು ಬಂದವರು ಕೂಡ ಅವಳ ಕೈಯಲ್ಲಿ ಮನುಷ್ಯರ ಹಾಗೆ ಕಾಣುತ್ತಿದ್ದುದು ಇದೇ ಉಪಾಯದಿಂದ.

ಬಂಧುಬಳಗ ಮಾತ್ರ ಅವಳಿಗೆ ಬೇರೆಯೇ ಹೆಸರಿಟ್ಟಿತ್ತು. ಮೂಗಿನ ತುದಿಯಲ್ಲೇ ಸಿಟ್ಟು, ಮಾತಾಡಿಸೋದೇ ಕಷ್ಟ, ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ನಾಲಿಗೆಗೆ ಮೂಳೆಯೇ? ಸಿಟ್ಟು ಬಂದದ್ದನ್ನು ಎಲ್ಲರೂ ಹೇಳುತ್ತಾರೆ, ಬರಿಸಿದವರು ಯಾರು ಎಂದು ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಈಗ ಹೇಳಹೊರಟಿರುವ ಸಂಗತಿಯಲ್ಲೂ ಅಷ್ಟೆ. ತಮ್ಮನಾದವನು ಹೊಸ ಕ್ಯಾಮೆರಾ ಕೊಡಿಸಿದ, ಅಕ್ಕ ಕೂಗಾಡಿದಳು, ಉಪಕಾರ ಮಾಡಿದರೆ ಹೀಗೆ ನೋಡಿ ಎಂದು ಇವತ್ತಿಗೂ ಹೇಳಿಕೊಂಡು ತಿರುಗುವವರಿದ್ದಾರೆ. ನಡೆದದ್ದು ಇಷ್ಟು.

ಅದು ಭಾನುವಾರ ಮಧ್ಯಾಹ್ನ. ಅವಳ ಸ್ಟುಡಿಯೋ ಇದ್ದದ್ದು ಮುಂದಿನ ಕೋಣೆಯಲ್ಲಿ, ಮನೆ ಹಿಂದಿನದರಲ್ಲಿ. ಮುಂದಿನ ಕೋಣೆಯಲ್ಲಿ ಒಂದು ನೀಲಿ ಪರದೆ, ಕೂತರೆ ಗಿರ್ರನೆ ತಿರುಗುವ ಸ್ಟೂಲು, ಬೆಳಕಿನ ಎರಡು ಕೊಡೆ, ಗೋಡೆಯ ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ, ಮೊಳೆಗೆ ನೇತುಹಾಕಿದ ಕಪ್ಪು ಕೋಟು. ಫೋಟೋ ಬೇಕಾದ ಗಂಡಸರೆಲ್ಲ, ದಪ್ಪಗಿದ್ದವರೂ ಸಣ್ಣಗಿದ್ದವರೂ, ಅದೇ ಕೋಟನ್ನು ತೊಟ್ಟು ಕೂರುತ್ತಿದ್ದರು. ಸಣ್ಣಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆಯ ಕ್ಲಿಪ್ಪು ಹಾಕುವುದು ಮಗಳ ಕೆಲಸ. ಮಗಳಿಗೆ ಇಪ್ಪತ್ತೆರಡು ತುಂಬಿತ್ತು. ಓದು ಮುಗಿಸಿದ ಮಾರನೆಯ ದಿನದಿಂದಲೇ ಫ್ಲಾಶ್ ಹಿಡಿಯುವುದು, ಕಂಪ್ಯೂಟರಿನಲ್ಲಿ ಮುಖದ ಕಲೆ ತೆಗೆಯುವುದು, ಪ್ರಿಂಟ್ ಕತ್ತರಿಸುವುದು ಎಲ್ಲ ಅವಳದೇ.

ತಮ್ಮ ತನ್ನ ಹೆಂಡತಿಯ ಜೊತೆ ನಗುನಗುತ್ತ ಬಂದ. ಕೈಯಲ್ಲಿ ರಿಬ್ಬನ್ ಸುತ್ತಿದ ಡಬ್ಬ. ಮಗಳು ಓಡಿ ಹೋಗಿ ಬಾಗಿಲಿಗೆ 'ಮುಚ್ಚಿದೆ' ಹಲಗೆ ತಗುಲಿಸಿದಳು.

"ಕಣ್ಣು ಮುಚ್ಕೋ ಅಕ್ಕಾ."

"ಕಣ್ಣು ಮುಚ್ಚೋ ವ್ಯಾಪಾರ ನನ್ನದಲ್ಲ, ತೆರೆಸೋದು ನನ್ನ ಕೆಲಸ. ಏನದು ಹೇಳು."

ಬಿಚ್ಚಿದರೆ ಒಳಗೆ ಮಿರರ್‌ಲೆಸ್ ಕ್ಯಾಮೆರಾ. ಆ ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನದೇ ಇರಬಹುದು, ಆದರೂ ಹೊಚ್ಚ ಹೊಸದು, ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಇದ್ದದ್ದು ಇದ್ದ ಹಾಗೆ ಹೇಳಬೇಕು, ಅವಳಿಗೆ ಖುಷಿಯೇ ಆಯಿತು. ತಮ್ಮನ ತಲೆ ಸವರಿ, "ಇದೆಲ್ಲ ಯಾಕೋ ಮಾರಾಯ" ಎಂದಳು. ಆಮೇಲೆ ಸಣ್ಣ ಹುಡುಗಿಯ ಉತ್ಸಾಹದಿಂದ ಎದ್ದು, "ತಡಿ, ನನ್ನದನ್ನೂ ತರ್ತೀನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ" ಎಂದು ಬೀರುವಿನ ಬಾಗಿಲು ತೆಗೆದಳು.

ಮೇಲಿನ ಅರೆಯಲ್ಲಿ ಅವಳು ಕ್ಯಾಮೆರಾ ಸುತ್ತಿಡುವ ಟವೆಲ್ಲು ಮಡಚಿಟ್ಟ ಹಾಗೇ ಇತ್ತು. ಒಳಗೇನೂ ಇರಲಿಲ್ಲ. ಲೆನ್ಸೂ ಇರಲಿಲ್ಲ.

"ನನ್ನ ಕ್ಯಾಮೆರಾ ಎಲ್ಲಿ?"

ತಮ್ಮ ಇನ್ನೂ ನಗುತ್ತಲೇ ಇದ್ದ. "ಅದನ್ನ ಎಕ್ಸ್‌ಚೇಂಜಿಗೆ ಹಾಕಿದ್ವಿ ಅಕ್ಕಾ. ಅದು ಮುದಿ ಕ್ಯಾಮೆರಾ. ಈಗ ಡಿಎಸ್ಎಲ್ಆರ್ ಯಾರೂ ಮೂಸಿ ನೋಡಲ್ಲ. ಅಷ್ಟಾದ್ರೂ ಬಂತಲ್ಲ ಅಂತ ಸಂತೋಷ ಪಡು."

"ಹಾಕಿದ್ವಿ ಅಂದ್ರೆ? ಯಾರ್ಯಾರು?"

ತಮ್ಮ, ಅಕ್ಕನ ಮಗಳ ಮುಖ ನೋಡಿದ. ಮಗಳು ನೆಲ ನೋಡಿದಳು. ಬೀರುವಿನ ಕೀಲಿ ಸ್ಟೂಲಿನ ದಿಂಬಿನ ಕೆಳಗಿರುವುದು ಈ ಮನೆಯಲ್ಲಿ ಇಬ್ಬರಿಗೇ ಗೊತ್ತು. ಒಬ್ಬಳು ಬೀರುವಿನ ಮುಂದೆ ನಿಂತಿದ್ದಳು.

ಆ ಕ್ಯಾಮೆರಾ ಏನೆಂದು ಹೇಳದಿದ್ದರೆ ಅವಳ ಸಿಟ್ಟು ಅರ್ಥವಾಗುವುದಿಲ್ಲ. ಹೈಸ್ಕೂಲು ಬಿಡಿಸಿದ್ದು ಅಪ್ಪ. ಯಾಕೆಂದರೆ ಅವಳ ಒಳ್ಳೆಯದಕ್ಕೆ. ಗಂಡನ್ನು ಗೊತ್ತು ಮಾಡಿದ್ದು ದೊಡ್ಡಪ್ಪ. ಅದೂ ಒಳ್ಳೆಯದಕ್ಕೇ. ಸ್ಟುಡಿಯೋದ ಗೋಡೆಗೆ ಗಿಳಿಹಸಿರು ಬಳಿಸಿದ್ದು ಗಂಡ. ಆ ಬಣ್ಣ ಬಂದವರ ಕೆನ್ನೆ ಮೇಲೆಲ್ಲ ಬಿದ್ದು ಕಾಮಾಲೆ ಹಿಡಿದ ಹಾಗೆ ಕಾಣುತ್ತದೆ ಎಂದು ಅವಳು ಬಾಯಿ ನೋಯುವಷ್ಟು ಹೇಳಿದಳು. ಅವನು ಕೆಟ್ಟವನೇನಲ್ಲ, ಕೇಳಿಸಿಕೊಳ್ಳುವ ಅಭ್ಯಾಸ ಇರಲಿಲ್ಲ ಅಷ್ಟೆ. ಅವನು ತೀರಿಕೊಂಡ ಮೇಲೆ ಮನೆಯ ಹಿರಿಯರೆಲ್ಲ ಇದೇ ಮುಂದಿನ ಕೋಣೆಯಲ್ಲಿ ಕೂತು ಸ್ಟುಡಿಯೋವನ್ನು ಚಪ್ಪಲಿ ಅಂಗಡಿಯವನಿಗೆ ಬಾಡಿಗೆಗೆ ಕೊಡುವುದೆಂದು ತೀರ್ಮಾನ ಮಾಡಿದರು. ಅವರಿಗೆಲ್ಲ ನೀರು ತಂದುಕೊಟ್ಟವಳು ಅವಳು. ಲೋಟ ತೆಗೆದುಕೊಂಡವರಲ್ಲಿ ಒಬ್ಬನೂ, ನೀನೇನಂತೀಯಮ್ಮ, ಎಂದು ಕೇಳಲಿಲ್ಲ.

ಆ ತೀರ್ಮಾನದ ಮಾರನೆಯ ಬೆಳಗ್ಗೆ ಅವಳು ಒಬ್ಬಳೇ ಬಸ್ಸು ಹತ್ತಿ ಪೇಟೆಯ ಕ್ಯಾಮೆರಾ ಅಂಗಡಿಗೆ ಹೋದಳು. ಅಂಗಡಿಯ ಮುದುಕ ಅವಳ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆಗೇ ನೋಡುತ್ತಿದ್ದ. ಕೊನೆಗೆ, "ಯಜಮಾನ್ರು ಬರ್ಲಿಲ್ವಾ?" ಎಂದು ಕೇಳಿದ.

"ಬಂದಿದಾರೆ. ನಿಮ್ಮೆದುರಿಗೇ ನಿಂತಿದಾರೆ. ಆ ಎರಡನೇ ಅರೆಯಲ್ಲಿರೋದನ್ನ ತೆಗೀರಿ."

ಹಾಗೆ ಬಂದದ್ದು ಆ ಡಿಎಸ್ಎಲ್ಆರ್. ಆ ಕಂಪನಿಯ ಅತಿ ಕೆಳಗಿನ ಮಾದರಿ. ಅವತ್ತಿಗೆ ಅದೇ ದೊಡ್ಡದು. ಅವಳ ಬದುಕಿನಲ್ಲಿ ಅವಳೇ ನೋಡಿ, ಅವಳೇ ಬೇಕೆಂದು, ಅವಳೇ ತಂದ ಮೊದಲ ವಸ್ತು ಅದು. ಚಪ್ಪಲಿ ಅಂಗಡಿಯ ಮಾತು ಅಲ್ಲಿಗೇ ನಿಂತಿತು, ಗೋಡೆಗೆ ಬಿಳಿ ಬಣ್ಣ ಬಳಿಸಿದ್ದು ಆಮೇಲೆ.

ಅದನ್ನು ಇವರು ಹಳೇ ಪಾತ್ರೆ ಹಾಕಿದ ಹಾಗೆ ಹಾಕಿ ಬಂದಿದ್ದರು.

"ಯಾರನ್ನ ಕೇಳಿ ಕೊಟ್ಟೆ?" ಅವಳ ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು.

"ಕೇಳಿದ್ರೆ ನೀನು ಒಪ್ತಿದ್ಯಾ?"

"ಒಪ್ತಿರ್ಲಿಲ್ಲ."

"ಮತ್ತೆ? ಅದಕ್ಕೇ ಕೇಳ್ಲಿಲ್ಲ."

ಕೇಳಿದಿರಾ ಮಾತನ್ನು! ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತಂತೆ, ಅದಕ್ಕೇ ಕೇಳಲಿಲ್ಲವಂತೆ. ಜೇಬುಗಳ್ಳನೂ ಹೀಗೇ ಹೇಳಬಹುದಲ್ಲ!

ತಮ್ಮನ ಹೆಂಡತಿ ಸಮಾಧಾನ ಮಾಡಲು ನೋಡಿದಳು. "ಅತ್ತಿಗೆ, ನಿಮ್ಮ ಮಣಿಕಟ್ಟು ನೋಯುತ್ತೆ ಅಂತಿದ್ರಲ್ಲ, ಇದು ಹಗುರ. ನಿಮ್ಮ ಒಳ್ಳೇದಕ್ಕೇ ಅಲ್ವಾ."

"ನನ್ನ ಒಳ್ಳೇದನ್ನ ನಿಮ್ಮ ಹತ್ರ ಅಡ ಇಟ್ಟಿದೀನಾ? ಹುಟ್ಟಿದಾಗಿಂದ ನೋಡ್ತಿದೀನಿ, ಒಬ್ಬರಾದ ಮೇಲೆ ಒಬ್ಬರು ನನ್ನ ಒಳ್ಳೇದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತೀರಿ. ನನ್ನ ಕೈಗೆ ಒಂದು ದಿನ ಕೊಟ್ಟು ನೋಡಿ!"

ತಮ್ಮನಿಗೆ ಇದು ಕ್ಯಾಮೆರಾದ ಜಗಳ ಎಂದೇ ಅನ್ನಿಸಿತ್ತು. ಅವನು ಹೊಸ ಕ್ಯಾಮೆರಾದ ಗುಣಗಾನಕ್ಕೆ ನಿಂತ. ಇದು ಎದುರಿಗಿದ್ದವರ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ, ಹಳೆಯದರಲ್ಲಿ ನಡುವಿನ ಫೋಕಸ್ ಚುಕ್ಕಿಯನ್ನು ಕಣ್ಣಿನ ಮೇಲೆ ಕೂರಿಸಿಕೊಂಡು ಸರ್ಕಸ್ಸು ಮಾಡಬೇಕಿತ್ತು. ಹಳೆಯದರಲ್ಲಿ ತೆಗೆದ ಮೇಲೆ ಕಪ್ಪೋ ಬಿಳುಪೋ ಗೊತ್ತಾಗುವುದು, ಇದರಲ್ಲಿ ಒತ್ತುವ ಮುಂಚೆಯೇ ಗೊತ್ತಾಗುತ್ತದೆ. ಅದರೊಳಗೆ ಕನ್ನಡಿ ಧಡಕ್ಕನೆ ಎದ್ದು ಬೀಳುತ್ತಿತ್ತು, ಇದರಲ್ಲಿ ಕನ್ನಡಿಯೇ ಇಲ್ಲ. "ನೋಡು, ಸದ್ದೇ ಇಲ್ಲದ ಹಾಗೆ ನಾನೇ ಸೆಟ್ ಮಾಡಿದೀನಿ. ನಿನ್ನ ಟಕ್ ಟಕ್ ಕಾಟ ತಪ್ತು" ಎಂದು ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟು, ಟ್ಯೂಬ್‌ಲೈಟಿನ ಕೆಳಗೆ ಎದೆ ಸೆಟೆಸಿ ನಿಂತ. ಮಗಳು ಒತ್ತಿದಳು. ಒತ್ತಿದ್ದು ಯಾರಿಗೂ ಗೊತ್ತಾಗಲಿಲ್ಲ. ಅವನು ಉಸಿರು ಕಟ್ಟಿಕೊಂಡು ನಿಂತೇ ಇದ್ದ.

"ಆಯ್ತು ಮಾವ."

"ಆಯ್ತಾ? ಯಾವಾಗ?"

ಪರದೆಯಲ್ಲಿ ನೋಡಿದರೆ ಅವನ ಮುಖದ ಮೇಲೆ ಹಣೆಯಿಂದ ಗದ್ದದ ತನಕ ಅಡ್ಡಡ್ಡ ಪಟ್ಟೆ. ಟ್ಯೂಬ್‌ಲೈಟ್ ನಮ್ಮ ಕಣ್ಣಿಗೆ ತಿಳಿಯದಷ್ಟು ಬೇಗ ಮಿನುಗುತ್ತಿರುತ್ತದೆ. ಸದ್ದಿಲ್ಲದ ವ್ಯವಸ್ಥೆಯಲ್ಲಿ ಈ ಕ್ಯಾಮೆರಾ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓದುತ್ತದೆ. ಎರಡೂ ಸೇರಿ ಆ ಅವತಾರ. ಬೇರೆ ದಿನವಾಗಿದ್ದರೆ ಟಕ್ಕಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವತ್ತು, "ನಿನಗೆ ಸರಿಯಾಗೇ ಬಂದಿದೆ, ಫ್ರೇಮ್ ಹಾಕಿಸ್ಕೋ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವರು ಹೋದ ಮೇಲೆ ಹೊರಬಂದು ಆ ಪುಟ್ಟ ಕ್ಯಾಮೆರಾವನ್ನು ಕೈಗೆತ್ತಿಕೊಂಡಳು. ಬೈಯಲು ಕಾರಣ ಬೇಕಿತ್ತು ಅವಳಿಗೆ. ಸದ್ದಿಲ್ಲದ ವ್ಯವಸ್ಥೆಯನ್ನು ಹುಡುಕಿ ತೆಗೆದುಹಾಕಿದಳು. ಸ್ಟೂಲಿನ ಮೇಲೆ ಪೆಚ್ಚಾಗಿ ಕೂತಿದ್ದ ಮಗಳ ಕಡೆ ತಿರುಗಿಸಿದಳು. ಫೋಕಸ್ಸಿನ ಪುಟ್ಟ ಚೌಕಟ್ಟು ತಾನೇ ಹೋಗಿ ಮಗಳ ಎಡಗಣ್ಣಿನ ಮೇಲೆ ಕೂತಿತು. ಅವಳು ಮುಖ ತಿರುಗಿಸಿದರೂ ಬಿಡಲಿಲ್ಲ. ಚಿಕ್ ಎಂದು ಸಣ್ಣ ಸದ್ದು. ಫೋಟೋ ಚೆನ್ನಾಗಿ ಬಂದಿತ್ತು, ರೆಪ್ಪೆಯ ಒಂದೊಂದು ಕೂದಲೂ ಎಣಿಸುವ ಹಾಗೆ. ಸಂಜೆಯ ಮಬ್ಬಿನಲ್ಲಿ ಹಳೆಯದು ಇಷ್ಟು ಕೊಡುತ್ತಿರಲಿಲ್ಲ, ಕಾಳುಕಾಳಾಗಿ ಒಡೆದು ಹೋಗುತ್ತಿತ್ತು. ಬ್ಯಾಟರಿ ಬೇಗ ಇಳಿಯುತ್ತದೆ, ಹಿಡಿಯಲು ಕಿರುಬೆರಳಿಗೆ ಜಾಗವಿಲ್ಲ, ಅಷ್ಟು ಬಿಟ್ಟರೆ ಹೆಸರಿಡುವ ಹಾಗಿರಲಿಲ್ಲ. ಕ್ಯಾಮೆರಾ ಕೆಟ್ಟದಾಗಿದ್ದರೆ ಅವಳ ಸಿಟ್ಟಿಗೆ ಎಲ್ಲರೂ ತಲೆದೂಗುತ್ತಿದ್ದರು. ಒಳ್ಳೆಯದಾಗಿದ್ದುದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

"ಅಮ್ಮಾ, ಮಾತಾಡೇ."

"ನಾಳೆ ಬೆಳಗ್ಗೆ ಅಂಗಡಿಗೆ ಹೋಗ್ತೀವಿ. ನೀನೂ ಬರ್ತೀಯ. ಕೊಟ್ಟವಳೇ ಬಾಯಿಬಿಟ್ಟು ವಾಪಸ್ ಕೇಳ್ತೀಯ."

"ನಾನೇನೂ ಕೊಡಲಿಲ್ಲ..."

"ಸುತ್ತಿದ ಟವೆಲ್ ಬಿಚ್ಚಿದ್ದು ಯಾರು? ನಿಮ್ಮ ಮಾವನಿಗೆ ಅಷ್ಟು ನೀಟಾಗಿ ಮಡಚಿಡೋಕೆ ಬರಲ್ಲ ಕಣೇ."

ಅದು ಅವಳು ಅಂದು ಕ್ಯಾಮೆರಾ ಕೊಂಡ ಅಂಗಡಿಯೇ. ಗಾಜಿನ ಬಾಗಿಲು ಹೊಸದು, ಕುರ್ಚಿಯಲ್ಲಿ ಆ ಮುದುಕನ ಮಗ. ಟಕ್ಕಕ್ಕ ಒಳಗೆ ಕಾಲಿಟ್ಟವಳೇ ತನ್ನ ಕ್ಯಾಮೆರಾವನ್ನು ಕಂಡಳು. ಹಳೆಯ ಮಾಲಿನ ಕಪಾಟಿನಲ್ಲಿ ಅಲ್ಲ, ಗಲ್ಲೆಯ ಮೇಜಿನ ಮೇಲೆಯೇ ಇತ್ತು. ಬಲಗಡೆಯ ಹಿಡಿಯ ರಬ್ಬರು ಅವಳ ಬೆರಳು ತಾಗುವಲ್ಲಿ ನುಣ್ಣಗೆ ಸವೆದಿತ್ತು. ಅದರ ಮುಂದೆ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದ ಒಬ್ಬ ಗಂಡಸು, ಅವನ ಹಿಂದೆ ಹದಿನೆಂಟು ಹತ್ತೊಂಬತ್ತರ ಹುಡುಗಿ.

"ಇದು ಸಾಕು ಇವಳಿಗೆ, ಕಲಿಯೋಕೆ ತಾನೆ," ಎನ್ನುತ್ತಿದ್ದ ಗಂಡಸು. "ಇದನ್ನೇ ಕೊಟ್ಬಿಡಿ."

"ಒಳ್ಳೇ ಆಯ್ಕೆ ಸಾರ್," ಎಂದ ಅಂಗಡಿಯವನು, ಅವನಿಗೇ. ಹುಡುಗಿ ಪಕ್ಕದ ಗಾಜಿನೊಳಗೆ ಮಿಂಚುತ್ತಿದ್ದ ಹೊಸ ಮಿರರ್‌ಲೆಸ್‌ಗಳನ್ನು ನೋಡುತ್ತ ನಿಂತಿದ್ದಳು.

"ಆ ಕ್ಯಾಮೆರಾ ಮುಟ್ಬೇಡಿ, ಅದು ನನ್ನದು," ಎಂದಳು ಟಕ್ಕಕ್ಕ.

ಅಂಗಡಿಯವನು ಮಗಳನ್ನು ಗುರುತಿಸಿ ಸಲೀಸಾಗಿ ನಕ್ಕ. "ಓ, ಮೊನ್ನೆ ಎಕ್ಸ್‌ಚೇಂಜ್ ಮಾಡಿದ್ರಲ್ಲ! ಮೇಡಂ, ನಿಮಗೆ ಲಾಭವೇ ಆಗಿದೆ. ಅದರಲ್ಲಿ ಕನ್ನಡಿ ಸವೆಯುತ್ತೆ, ಫೋಕಸ್ ನಿಧಾನ. ಹೊಸದರಲ್ಲಿ..."

"ಹೋಲಿಸಿ ಹೇಳಿ ಅಂತ ನಾನು ಕೇಳಿದ್ನಾ? ಎರಡರಲ್ಲಿ ಯಾವುದು ಮೇಲು ಅಂತ ನಿಮಗಿಂತ ಚೆನ್ನಾಗಿ ನಿನ್ನೆ ಸಂಜೆಯೇ ನೋಡಿದೀನಿ. ಹೊಸದೇ ಮೇಲು. ಆಯ್ತಾ? ಈಗ ಹಳೇದು ಕೊಡಿ. ಹೊಸದು ಇಲ್ಲಿದೆ, ಡಬ್ಬದ ಸಮೇತ."

"ಹಾಗೆಲ್ಲ ಆಗಲ್ಲ ಮೇಡಂ. ಮಾಲೀಕರೇ ಬಂದು ಕೊಟ್ಟು ಹೋಗಿದಾರೆ."

"ಯಾವ ಮಾಲೀಕರು?"

"ಅದೇ, ನಿಮ್ಮ ತಮ್ಮ. ಕ್ಯಾಮೆರಾ ನಂದೇ, ಅಕ್ಕ ಸುಮ್ನೆ ಬಳಸ್ತಾಳೆ ಅಂದ್ರು. ಇವರೂ ಪಕ್ಕದಲ್ಲೇ ಇದ್ರಲ್ಲ."

ಕೇಳದೆ ಕೊಟ್ಟದ್ದನ್ನು ಬೇಕಾದರೆ ಬುದ್ಧಿ ಇಲ್ಲದೆ ಮಾಡಿದ್ದು ಎನ್ನಬಹುದಿತ್ತು. ಇದು ಹಾಗಲ್ಲ, ಇಷ್ಟು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಿಸಿಲಲ್ಲಿ ಒಣಗಿ, ಅದೇ ಕ್ಯಾಮೆರಾದಿಂದ ಮಗಳನ್ನು ಓದಿಸಿದವಳು ಸುಮ್ಮನೆ ಬಳಸುವವಳಾಗಿಬಿಟ್ಟಿದ್ದಳು. ಅವಳು ತಿರುಗಿ ಮಗಳನ್ನು ನೋಡಿದಳು. ಬೈಗುಳವೆಲ್ಲ ಬಾಯಿಗೆ ಬಂದು ನಿಂತಿತ್ತು, ಆದರೆ ಅವಳ ಮುಖ ಆಗಲೇ ಕೆಂಪಗಾಗಿತ್ತು.

"ಮಾವ ಸುಳ್ಳು ಹೇಳಿದ್ರು," ಎಂದಳು ಮಗಳು ಅಂಗಡಿಯವನಿಗೆ. "ಕ್ಯಾಮೆರಾ ಇವರದು. ಇವರೇ ಒಬ್ಬರೇ ಬಂದು ನಿಮ್ಮ ಅಪ್ಪನ ಹತ್ರ ತಗೊಂಡಿದ್ದು. ಅವತ್ತು ಮಾವ ಹಾಗಂದಾಗ ನಾನು ಬಾಯಿ ಬಿಡ್ಲಿಲ್ಲ. ತಪ್ಪು ನಂದು. ನೀವೂ ಒಂದು ಮಾತು ಕೇಳಬಹುದಿತ್ತು. ಕೇಳ್ಲಿಲ್ಲ. ಈಗ ಮರ್ಯಾದೆಯಾಗಿ ವಾಪಸ್ ಕೊಡಿ."

ಇವಳಿಗೆ ಈ ಬಾಯಿ ಎಲ್ಲಿಂದ ಬಂತು ಎಂದು ಟಕ್ಕಕ್ಕ ಒಂದು ಗಳಿಗೆ ಬೆರಗಾದಳು. ಎಲ್ಲಿಂದ ಬರಬೇಕು, ಅವಳಿಂದಲೇ.

ಅಂಗಡಿಯವನು ಅತ್ತ ಇತ್ತ ನೋಡಿದ. ಬಾಗಿಲ ಬಳಿ ಬೇರೆ ಗಿರಾಕಿಗಳು ನಿಂತು ಕೇಳತೊಡಗಿದ್ದರು. "ನೋಡಿ ಮೇಡಂ, ರಂಪ ಬೇಡ. ನನಗೆ ಈ ಕ್ಯಾಮೆರಾ ಆದ್ರೂ ಒಂದೇ, ಆ ಕ್ಯಾಮೆರಾ ಆದ್ರೂ ಒಂದೇ. ಆದ್ರೆ ಇವರಿಗೆ ಕೊಡ್ತೀನಿ ಅಂತ ಮಾತು ಕೊಟ್ಟಾಗಿದೆ. ಇವರು ಬೇಡ ಅಂದ್ರೆ ಈಗ್ಲೇ ತಗೊಂಡು ಹೋಗಿ."

ಹೆಲ್ಮೆಟ್ಟಿನ ಗಂಡಸು ತಲೆ ಅಲ್ಲಾಡಿಸಿದ. "ನಮಗೆ ಇದೇ ಬೇಕು. ನಾನು ನೋಡಿ ಆಗಿದೆ."

"ನಿಮಗೆ ಬೇಕಾ?" ಟಕ್ಕಕ್ಕ ಅವನ ಮೇಲೆ ಹರಿಹಾಯ್ದಳು. ತಮ್ಮನಿಗೆ ಹೇಳಬೇಕಾದದ್ದೆಲ್ಲ ಆ ಪಾಪದ ಮನುಷ್ಯನ ತಲೆಯ ಮೇಲೆ ಬಿತ್ತು. "ಫೋಟೋ ತೆಗೆಯೋರು ನೀವಾ? ನಿಮ್ಮ ಮಗಳಾ ಇವಳು? ಇವಳನ್ನ ಒಂದು ಮಾತು ಕೇಳಿದ್ರಾ? ಬಂದಾಗಿಂದ ನೋಡ್ತಿದೀನಿ, ನೀವು ಮಾತಾಡ್ತೀರಿ, ಇವರು ಮಾತಾಡ್ತಾರೆ, ಆ ಮಗು ಗೊಂಬೆ ಹಾಗೆ ನಿಂತಿದೆ. ಅವಳ ಕಣ್ಣು ಎಲ್ಲಿದೆ ಅಂತಾದ್ರೂ ನೋಡಿದ್ರಾ? ಹೊಸದರ ಮೇಲಿದೆ!"

ಇಲ್ಲಿ ಅವಳ ಲೆಕ್ಕಾಚಾರವೂ ಇತ್ತು, ಅದನ್ನು ಮುಚ್ಚಿಡುವುದೇಕೆ. ಹರೆಯದ ಹುಡುಗಿ, ಹೊಳೆಯುವ ಹೊಸ ಕ್ಯಾಮೆರಾ ಬಿಟ್ಟು ಈ ಮುದಿಯನ್ನು ಯಾಕೆ ಕೇಳುತ್ತಾಳೆ? ಹೊಸದು ಬೇಕು ಎನ್ನುತ್ತಾಳೆ, ಅಪ್ಪ ಗೊಣಗುತ್ತಾನೆ, ತನ್ನ ಕ್ಯಾಮೆರಾ ತನಗೆ ಸಿಗುತ್ತದೆ. ಹುಡುಗಿಯನ್ನು ಕೇಳಿದ ಪುಣ್ಯವೂ ಬರುತ್ತದೆ, ಕ್ಯಾಮೆರಾವೂ ಬರುತ್ತದೆ.

"ಬಾ ಮಗಳೇ ಇಲ್ಲಿ. ಹೆದರ್ಬೇಡ. ಇದೊಂದು, ಇದೊಂದು. ಎರಡನ್ನೂ ಹಿಡಿದು ನೋಡು. ನಿಮ್ಮಪ್ಪ ಏನಂದ್ರು ಬಿಡು, ಅಂಗಡಿಯವರು ಏನಂದ್ರು ಬಿಡು, ನಾನು ಹೇಳೋದೂ ಬಿಡು. ನಿನಗೆ ಯಾವುದು ಬೇಕು?"

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪನಿಗೂ ಬೆಪ್ಪಾಗಿತ್ತು, "ಹೂಂ, ನೋಡು" ಎಂದ. ಅವಳು ಮೊದಲು ಅಂಗಡಿಯವನು ಗಾಜಿನೊಳಗಿಂದ ತೆಗೆದಿಟ್ಟ ಮಿರರ್‌ಲೆಸ್ ಎತ್ತಿಕೊಂಡಳು. ಕಣ್ಣಿಗೆ ಹಿಡಿದು ಬೀದಿಯ ಕಡೆ ತಿರುಗಿಸಿದಳು, ಪರದೆ ಮಡಚಿ ನೋಡಿದಳು, ಒತ್ತಿದಳು, ಮುಗುಳ್ನಕ್ಕಳು. ಟಕ್ಕಕ್ಕನ ಎದೆ ಹಗುರವಾಯಿತು. ಆಮೇಲೆ ಹುಡುಗಿ ಹಳೆಯದನ್ನು ಎತ್ತಿಕೊಂಡಳು. ಆ ತೂಕಕ್ಕೆ ಅವಳ ಕೈ ಕೊಂಚ ಇಳಿಯಿತು. ಬೆರಳುಗಳು ಸವೆದ ಹಿಡಿಯ ಸುತ್ತ ತಾವಾಗಿ ಕೂತವು. ಕಣ್ಣಿಗೆ ಹಿಡಿದಳು. ಹಿಡಿದವಳು ಕೆಳಗಿಳಿಸಲೇ ಇಲ್ಲ. ಹಾದು ಹೋಗುವ ಬಸ್ಸನ್ನು, ಎದುರಂಗಡಿಯ ಷಟರನ್ನು, ಅಲ್ಲಿಂದ ತಿರುಗಿ ಅಪ್ಪನನ್ನು ನೋಡಿದಳು.

ಟಕ್!

ಅಪ್ಪ ಬಿಗಿಹಿಡಿದಿದ್ದ ಉಸಿರು ಬಿಟ್ಟು ನಕ್ಕ.

"ನನಗೆ ಇದು ಬೇಕು," ಎಂದಳು ಹುಡುಗಿ.

"ನಾನೂ ಅದನ್ನೇ ಅಲ್ವಾ ಹೇಳಿದ್ದು!" ಎಂದ ಅಪ್ಪ.

"ನೀವು ಹೇಳಿದ್ದಕ್ಕಲ್ಲ. ಅದರಲ್ಲಿ ನೋಡಿದ್ರೆ ಟೀವಿ ನೋಡಿದ ಹಾಗಾಗುತ್ತೆ. ಇದರಲ್ಲಿ ಎದುರಿಗಿರೋದೇ ಕಾಣುತ್ತೆ. ಮಬ್ಬಾಗಿದ್ರೂ ಅದೇ ಕಾಣುತ್ತೆ. ಆಮೇಲೆ ಇದು ಕೈಯಲ್ಲಿ ಕೂರುತ್ತೆ. ನನಗೆ ಇದೇ ಬೇಕು."

ಹಾಳಾಗಿ ಹೋಗಲಿ! ಅಂಗಡಿಯವನು ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಟಕ್ಕಕ್ಕ ಗಲ್ಲೆಯ ಅಂಚನ್ನು ಹಿಡಿದುಕೊಂಡು ನಿಂತಳು. ಯಾರ ಮೇಲೆ ಸಿಟ್ಟು ಮಾಡುವುದು? ಕೇಳಿದವಳು ಅವಳೇ. ಅದೂ ಸುಮ್ಮನೆ ಕೇಳಿದ್ದಲ್ಲ, ಅಂಗಡಿಯೇ ಅದುರುವ ಹಾಗೆ ಕೂಗಿ ಕೇಳಿದ್ದು.

ಆಗ ಹುಡುಗಿಗೆ ಏನೋ ಹೊಳೆಯಿತು. ಕ್ಯಾಮೆರಾವನ್ನು ಮೆಲ್ಲಗೆ ಅವಳ ಮುಂದಿಟ್ಟಳು. "ಇದು ನಿಮ್ಮದಂತಲ್ವಾ ಆಂಟಿ. ನಿಮ್ಮನ್ನ ಕೇಳದೆ ತಂದಿದಾರೆ. ನೀವೇ ತಗೊಳ್ಳಿ, ನಾನು ಬೇರೆ ನೋಡ್ತೀನಿ."

ಕೈ ಚಾಚಿದರೆ ಆಗಿತ್ತು. ಅಂಗಡಿಯವನು ತಡೆಯುತ್ತಿರಲಿಲ್ಲ, ಅಪ್ಪ ತಡೆಯುತ್ತಿರಲಿಲ್ಲ, ಸ್ವಂತ ಮಗಳು ಆಗಲೇ ಹೊಸದರ ಡಬ್ಬವನ್ನು ಗಲ್ಲೆಯ ಆಚೆಗೆ ನೂಕಿದ್ದಳು. ಟಕ್ಕಕ್ಕ ಕೈ ಚಾಚಿದಳು ಕೂಡ. ನುಣ್ಣಗಾದ ರಬ್ಬರಿನ ಮೇಲೆ ಹೆಬ್ಬೆರಳಾಡಿಸಿದಳು. ಬೇಕು, ನಿನಗಲ್ಲ, ನನಗೆ ಬೇಕು ಎಂದು ಮನಸ್ಸು ಒಳಗೇ ಕಿರುಚುತ್ತಿತ್ತು.

"ನಿನಗೆ ಬೇಕು ಅಂದ್ಯಲ್ಲ," ಎಂದಳು.

"ಅಂದೆ. ಆದ್ರೆ..."

"ಆದ್ರೆ ಗೀದ್ರೆ ಇಲ್ಲ. ಕೇಳಿದ್ದು ನಾನು. ಹೇಳಿದ್ದು ನೀನು. ಹೇಳಿದ ಮೇಲೆ ಕಿತ್ಕೊಂಡ್ರೆ ಆಮೇಲೆ ನನಗೂ ನನ್ನ ತಮ್ಮನಿಗೂ ಏನು ವ್ಯತ್ಯಾಸ?" ಅವಳು ಕ್ಯಾಮೆರಾವನ್ನು ಹುಡುಗಿಯ ಕೈಗೆ ತುರುಕಿದಳು. ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ, ಸಿಟ್ಟೇ ಇತ್ತು. "ಪಟ್ಟಿ ಕುತ್ತಿಗೆಗೆ ಹಾಕ್ಕೋ, ಬೀಳಿಸೀಯ. ಮೊದಲನೇ ಟಕ್ ನಂಬ್ಬೇಡ, ಎರಡನೇದು ತೆಗಿ. ನಿಮ್ಮಪ್ಪ ಈಗ ನಕ್ಕರಲ್ಲ, ಅದು ಹೋಯ್ತು ನೋಡು, ನೀನು ಒತ್ತಲೇ ಇಲ್ಲ."

ಅಂಗಡಿಯವನ ಕಡೆ ತಿರುಗಿ, "ನೀವು ಮಾತ್ರ ಇನ್ನೊಂದ್ಸಲ ನನ್ನ ತಮ್ಮನ್ನ ಮಾಲೀಕ ಅಂದ್ರೆ ನೋಡಿ" ಎಂದು ಮಿರರ್‌ಲೆಸ್‌ನ ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟಳು.

ಬೀದಿಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ. ದಾರಿಯುದ್ದಕ್ಕೂ ತಮ್ಮನಿಗೆ ಫೋನಿನಲ್ಲಿ ಏನೇನು ಹೇಳಬೇಕೆಂದು ಗಟ್ಟಿಯಾಗಿಯೇ ಅಭ್ಯಾಸ ಮಾಡುತ್ತ ನಡೆದಳು. ನಾಯಿಯೊಂದು ಹೆದರಿ ಪಕ್ಕಕ್ಕೆ ಸರಿಯಿತು. ಮಗಳು ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಬಸ್ ನಿಲ್ದಾಣದ ನೆರಳಿಗೆ ಬಂದು ನಿಂತ ಮೇಲೆ ಟಕ್ಕಕ್ಕನಿಗೆ ಇದ್ದಕ್ಕಿದ್ದಂತೆ ಒಂದು ವಿಷಯ ತಲೆಗೆ ಬಂತು. ಆ ಪರಿಚಯವಿಲ್ಲದ ಹುಡುಗಿಯನ್ನು ಕೇಳಿದ್ದಾಯಿತು.

"ನಿನಗೆ ಯಾವುದು ಬೇಕಿತ್ತು?" ಎಂದು ಬಿರುಸಾಗಿಯೇ ಕೇಳಿದಳು. "ಹಳೇದಾ, ಇದಾ? ನಿನಗೆ ಹೊಸದು ಬೇಕು ಅಂತಾನೇ ಅಲ್ವಾ ಕೀಲಿ ಕೊಟ್ಟಿದ್ದು? ಬೈಯಲ್ಲ, ಹೇಳು."

ಮಗಳು ಬಸ್ಸು ಬರುವ ದಿಕ್ಕಿಗೆ ನೋಡುತ್ತ ನಿಂತಳು.

"ಎರಡೂ ಬೇಡಮ್ಮ," ಎಂದಳು. "ಹೊಸದು ತಾನೇ ಫೋಕಸ್ ಮಾಡುತ್ತೆ, ಹಗುರ ಇದೆ, ನೀನೊಬ್ಬಳೇ ಮಾಡ್ಕೋಬಹುದು, ನಾನು ಬೇಕಾಗಲ್ಲ ಅಂತ ಮಾವನಿಗೆ ಹೂಂ ಅಂದೆ. ನನಗೆ ಈ ಕೆಲಸ ಇಷ್ಟ ಇಲ್ಲ. ಯಾವತ್ತೂ ಇರ್ಲಿಲ್ಲ. ನೀನು ಕೇಳಲೇ ಇಲ್ಲ."

ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದಲ್ಲಿದ್ದವರೆಲ್ಲ ಎದ್ದು ಮುಂದೆ ಬಂದರು, ಬಸ್ಸು ದೂರದಲ್ಲಿ ಕಾಣಿಸಿಕೊಂಡಿತ್ತು. ಟಕ್ಕಕ್ಕನ ಬಾಯಿಗೆ ಮಾತು ಬಂತು. ನಿನ್ನ ಒಳ್ಳೇದಕ್ಕೇ ಅಲ್ವೇನೇ, ಎಂಬ ಮಾತು. ತುಟಿಯ ತನಕ ಬಂದಿತ್ತು. ಅದನ್ನು ಹಲ್ಲು ಕಚ್ಚಿ ಹಿಡಿದು ನುಂಗಿದಳು. ಇಷ್ಟು ಕಹಿಯಾದದ್ದನ್ನು ಅವಳು ಹುಟ್ಟಿದಾಗಿನಿಂದ ನುಂಗಿರಲಿಲ್ಲ.

ಬಸ್ಸು ಬಂದು ನಿಂತಿತು. ಡಬ್ಬವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಮಧ್ಯಾಹ್ನ ಶಾಲೆಯಲ್ಲಿ ಫೋಟೋ ಇದೆ," ಎಂದಳು. ಸಿಟ್ಟು ಇನ್ನೂ ದನಿಯಲ್ಲಿತ್ತು. "ಇವತ್ತೊಂದು ದಿನ ಫ್ಲಾಶ್ ಹಿಡೀತೀಯಾ? ಬೇಡ ಅಂದ್ರೆ ಬೇಡ ಅನ್ನು."

ಮಗಳು ತಿರುಗಿ ಅಮ್ಮನ ಮುಖ ನೋಡಿದಳು. ಓದು ಮುಗಿಸಿದ ದಿನದಿಂದ ದಿನವೂ ಹಿಡಿದ ಫ್ಲಾಶ್ ಅದು. ಹಿಡೀತೀಯಾ ಎಂದು ಯಾರೂ ಕೇಳಿರಲಿಲ್ಲ.

"ಇವತ್ತು ಹಿಡೀತೀನಿ," ಎಂದಳು.

ಟಕ್ಕಕ್ಕ ಸರಿ ಎಂದು ಬಸ್ಸು ಹತ್ತಿದಳು.